ಬಟನಿಗೊಂದು ಹೆಸರಿಡಲು ಇಷ್ಟು ಬಡತನವೇ?



ಇದೇ ಮುಂಬಯಿಯ ಒಂದು ದೊಡ್ಡ ಹೋಟೆಲಿನಲ್ಲಿ ಹದಿನೆಂಟು ವರ್ಷಗಳಿಂದ ಟೆಲಿಫೋನ್ ಆಪರೇಟರ್ ಆಗಿ ದುಡಿಯುತ್ತಿರುವ ಕುಂದಾಪುರದ ಕಡೆಯ ಬಂಧುವೊಬ್ಬರು ನಮ್ಮ ಸಂಘದ ಸದಸ್ಯರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಆದರೆ ದನಿ ಕೇಳಿದೊಡನೆ ಗಿರಾಕಿಯ ಹೆಸರು ಹೇಳಬಲ್ಲರು. ಕಂಪ್ಯೂಟರಿನ ಕೀಲಿಗಳ ಮೇಲೆ ಅವರ ಬೆರಳು ಓಡುವ ವೇಗ ರಾತ್ರಿಶಾಲೆಯಲ್ಲಿ ಕಲಿತ ನಮಗಂತೂ ಬಾರದು. ಇಷ್ಟು ವರ್ಷ ಅವರ ಕೆಲಸದಲ್ಲಿ ಯಾರೂ ಕುಂದು ಕಂಡಿರಲಿಲ್ಲ.

ಈಗ ಕಂಡಿದ್ದಾರೆ! ರೂಮು ಕಾದಿರಿಸುವುದು, ಗಿರಾಕಿಗಳ ದೂರು, ಅಡುಗೆಮನೆಗೆ ಆರ್ಡರು, ಎಲ್ಲವನ್ನೂ ಹೋಟೆಲಿನವರು ಟೆಲಿಫೋನಿನಿಂದ ಕಂಪ್ಯೂಟರಿನ ಚಾಟ್ ಆ್ಯಪಿಗೆ ಸಾಗಿಸಿದ್ದಾರೆ. ಆ ಆ್ಯಪ್ ನಮ್ಮ ಬಂಧುವಿನ ಪಾಲಿಗೆ ಮೂಕ. "ಇದು ನಿಮ್ಮಿಂದ ಆಗುವ ಕೆಲಸವಲ್ಲ, ಬೇರೆ ದಾರಿ ನೋಡಿಕೊಳ್ಳಿ" ಎಂದು ಮ್ಯಾನೇಜರರು ಹೇಳಿಯಾಗಿದೆ. ಅವರು ನಮ್ಮ ಬಳಿಗೆ ಬಂದು ಹೇಳಿದ್ದು ಇಷ್ಟೇ: "ನನಗೆ ಕಣ್ಣಿಲ್ಲ ಅನ್ನುವುದು ನನಗೆ ಗೊತ್ತುಂಟು ಮಾರಾಯ್ರೇ. ಆ ಯಂತ್ರಕ್ಕೆ ಬಾಯಿಲ್ಲ ಅನ್ನುವುದನ್ನು ಅವರಿಗೆ ಯಾರಾದರೂ ಹೇಳಿ."

ಅದನ್ನು ಹೇಳಲೆಂದೇ ನಾವು ಇಂದು ಬರೆಯುತ್ತಿದ್ದೇವೆ.

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ಆರಂಭಿಸಿ, ತನ್ನಂತೆಯೇ ಅಂಧನಾದ ಗೆಳೆಯ ಜೇಮ್ಸ್ ಟೆ ಜತೆಗೂಡಿ ಬೆಳೆಸಿದ ಎನ್‌ವಿಡಿಎ ಅಂಥದೊಂದು. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಮುಖ್ಯವಾಗಿ ಆ್ಯಪ್ ತಾನಾಗಿ ಒಪ್ಪಿಸಿದ ಹೆಸರನ್ನು. ಬಟನಿನ ಮೇಲೆ ಚಿತ್ರ ಬಿಡಿಸಿ, ಹೆಸರು ಬರೆಯದೆ ಬಿಟ್ಟರೆ ಕಿವಿಗೆ ಬೀಳುವುದು "ಬಟನ್, ಬಟನ್, ಬಟನ್" ಎಂದಷ್ಟೇ. ಯಾವುದು ಕಳುಹಿಸುವುದು, ಯಾವುದು ಅಳಿಸುವುದು? ಹೊಸ ಸಂದೇಶ ಬಂದರೂ ಸದ್ದಿಲ್ಲ. ಬಂದೊಡನೆ ಓದಬೇಕೆಂದು ಗುರುತು ಹಾಕುವುದನ್ನು ಆ್ಯಪ್ ಕಟ್ಟಿದವರು ಮರೆತಿದ್ದಾರೆ!

ನಾವು ಕೇಳುವುದೇನು? ಒಂದೊಂದು ಬಟನಿಗೂ ಹೆಸರಿಡಿ. ಮೌಸ್ ಮುಟ್ಟದೆ ಕೀಲಿಗಳಿಂದಲೇ ಎಲ್ಲ ಕೆಲಸ ನಡೆಯುವಂತೆ ಮಾಡಿ. ಹೊಸ ಸಂದೇಶವನ್ನು, ಕಳುಹಿಸಿದವರ ಹೆಸರಿನೊಡನೆ, ಒಂದು ಸಲ ಓದಿಸಿ. ಓದುತ್ತಿರುವಾಗ ಪಟ್ಟಿಯ ತುದಿಗೆ ಎತ್ತಿ ಒಗೆಯಬೇಡಿ. ಪ್ರತಿ ಹೊಸ ಆವೃತ್ತಿಯನ್ನೂ ಹೊರಬಿಡುವ ಮುನ್ನ ಸ್ಕ್ರೀನ್ ರೀಡರ್ ಬಳಸುವವರ ಕೈಗೆ ಕೊಟ್ಟು, ಕೂಲಿ ಕೊಟ್ಟು, ಪರೀಕ್ಷೆ ಮಾಡಿಸಿ. ಇದರಲ್ಲಿ ಅಸಾಧ್ಯವಾದುದು ಯಾವುದು?

"ಇಂಥವರು ಎಷ್ಟು ಮಂದಿ? ಖರ್ಚು ಯಾರು ಮಾಡುವುದು?" ಎನ್ನುತ್ತಾರೆ. ಈ ಮಾತು ನಮಗೆ ಹೊಸದಲ್ಲ. ವಾರದ ರಜೆ ಕೇಳಿದಾಗಲೂ ಮಾಲಿಕರು ಗಲ್ಲಾಪೆಟ್ಟಿಗೆ ತೋರಿಸಿದವರೇ. ತಿಂಗಳಿಗೊಂದು ಹೊಸ ಬಣ್ಣ, ಹೊಸ ಗೊಂಬೆಚಿತ್ರ ಸೇರಿಸಲು ಹಣವುಂಟು, ಬಟನಿಗೊಂದು ಹೆಸರಿಡಲು ಇಲ್ಲ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಕೀಲಿಗಳಿಂದಲೇ ಕೆಲಸ ನಡೆದರೆ, ಬಿಡುವಿಲ್ಲದ ಕೌಂಟರಿನಲ್ಲಿ ನಿಂತ ಕಣ್ಣಿದ್ದವರಿಗೂ ಲಾಭವೇ ಅಲ್ಲವೇ?

ಇನ್ನು ಕೆಲವರು ದಯೆಯ ಮಾತಾಡುತ್ತಾರೆ. ದಯೆ ಬೇಡ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾನೂನು ಬಂದಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದೆಂದು ತೀರ್ಪಿತ್ತಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ ನಮ್ಮ ಸ್ಥಿತಿ.

ಪರರನ್ನು ಬಯ್ದು ನಾವು ನುಣುಚಿಕೊಳ್ಳಲಾರೆವು. ನಮ್ಮ ಸಂಘದ ಸಭೆಯ ಕರೆಯೋಲೆಗಳನ್ನು ನಾವು ಇದುವರೆಗೆ ಫೋಟೋ ತೆಗೆದು ಚಾಟ್ ಗುಂಪಿಗೆ ಹಾಕುತ್ತಿದ್ದೆವು. ಅಕ್ಷರವಿಲ್ಲದ ಆ ಚಿತ್ರ ನಮ್ಮ ಬಂಧುವಿನ ಸ್ಕ್ರೀನ್ ರೀಡರಿಗೆ "ಚಿತ್ರ" ಮಾತ್ರ. ಕಳೆದ ಎರಡು ಸಭೆಗಳಿಗೆ ಅವರೇಕೆ ಬರಲಿಲ್ಲವೆಂದು ನಾವು ಗೊಣಗಿದ್ದೂ ಉಂಟು. ಆ ತಪ್ಪು ನಮ್ಮದು. ಇನ್ನು ಮುಂದೆ ಪ್ರತಿ ಕರೆಯೋಲೆಯನ್ನೂ ಅಕ್ಷರದಲ್ಲೇ ಬರೆದು ಕಳುಹಿಸುತ್ತೇವೆ.

ಹೋಟೆಲಿನ ಆಡಳಿತದವರಿಗೆ ನಮ್ಮ ಮಾತು ಸ್ಪಷ್ಟ: ಸ್ಕ್ರೀನ್ ರೀಡರಿಗೆ ಒಗ್ಗದ ಆ್ಯಪಿಗೆ ಹಣ ತೆರಬೇಡಿ; ಕೊಂಡಾಗಿದ್ದರೆ ಸರಿಪಡಿಸಿರೆಂದು ಕಟ್ಟಿದವರನ್ನು ಒತ್ತಾಯಿಸಿ; ಅಲ್ಲಿಯ ತನಕ ನಮ್ಮ ಬಂಧುವಿನ ಟೆಲಿಫೋನಿನ ಕುರ್ಚಿಗೆ ಕೈ ಹಾಕಬೇಡಿ. ಸದಸ್ಯ ಬಂಧುಗಳೇ, ನಿಮ್ಮ ನಿಮ್ಮ ಹೋಟೆಲುಗಳಲ್ಲಿ ಇಂಥ ಅನ್ಯಾಯ ಕಂಡರೆ ಸಂಘದ ಕಚೇರಿಗೆ ಬಂದು ತಿಳಿಸಿರಿ. ಇಂದು ಒಬ್ಬರ ಕುರ್ಚಿ ಹೋದರೆ ನಾಳೆ ಇನ್ನೊಬ್ಬರದು.

ಕಾರ್ಮಿಕರ ಐಕ್ಯ ಚಿರಾಯುವಾಗಲಿ!