ಕರಡಿಗೆ ಬೇಕಿರುವುದು ಹುತ್ತ, ಬೆಲ್ಲವಲ್ಲ

ಹಂಪಿ ಬಳಿಯ ದರೋಜಿ ಕರಡಿಧಾಮದ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವುದರಿಂದ ಕರಡಿಗಳ ಹೊಟ್ಟೆ ತುಂಬುತ್ತದೆ, ಸುತ್ತಲಿನ ರೈತರ ಹೊಲ ಉಳಿಯುತ್ತದೆ, ಹಂಪಿಗೆ ಬಂದವರಿಗೆ ಕರಡಿ ಕಾಣುತ್ತದೆ ಎಂಬ ವಾದ ಈಚೆಗೆ ಮತ್ತೆ ಅಚ್ಚಾಗಿದೆ. ಮೂರರಲ್ಲಿ ಕೊನೆಯದನ್ನಷ್ಟೇ ಒಪ್ಪಬಹುದು. ಉಳಿದೆರಡಕ್ಕೆ ಕರಡಿಯ ದೇಹವೇ ಉತ್ತರ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಚಾಚಿ, ಆ ಸಂದಿಯಿಂದ ಅದು ಗೆದ್ದಲು ಹೀರುತ್ತದೆ. ಉದ್ದನೆಯ ಬಾಗಿದ ಉಗುರುಗಳು ಹುತ್ತ ಬಗೆಯಲೆಂದೇ ಇವೆ. ಲಕ್ಷಾಂತರ ವರ್ಷಗಳ ವಿಕಾಸ ಗೆದ್ದಲು, ಇರುವೆ, ಕಾಡುಹಣ್ಣುಗಳಿಗೆ ಒಗ್ಗಿಸಿದ ಪ್ರಾಣಿಗೆ ಸಕ್ಕರೆಯಂಶದ ಪಾಕ ಆಹಾರವಲ್ಲ, ಬರೀ ಆಮಿಷ.

ಪಾಕ ನಿಲ್ಲಿಸಿದರೆ ಕರಡಿಗಳು ಹೊಲಕ್ಕೆ ನುಗ್ಗುತ್ತವೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಬೆಳೆ ಕಳೆದುಕೊಳ್ಳುವ ರೈತನ ಸಂಕಟ ನಿಜ. ಆದರೆ ಬಂಡೆಗೆ ಸವರಿದ ಪಾಕ ಇಡೀ ರಾತ್ರಿ ಮೇಯುವ ಪ್ರಾಣಿಯ ಹಸಿವು ತಣಿಸದು. ಅದು ಕಲಿಸುವುದು ಬೇರೆಯದನ್ನೇ: ಮನುಷ್ಯನ ವಾಸನೆಯಿರುವ ಕಡೆ ಸಿಹಿಯಿದೆ ಎಂಬುದನ್ನು. ದಿಗಿಲಾದರೆ ಥಟ್ಟನೆ ಮೇಲೆರಗುವ ಕರಡಿಗೆ ಈ ಪಾಠ ಕಲಿಸುವುದು ಹೊಲದ ದಾರಿಯಲ್ಲಿ ನಡೆಯುವವರಿಗೇ ಅಪಾಯ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯೂ ಬಲಿಷ್ಠ ಗಂಡುಗಳೂ ಒಂದೇ ಬಂಡೆಗೆ ಬರುವಂತೆ ಮಾಡುವುದೂ ಕ್ಷೇಮವಲ್ಲ. 1994ರಲ್ಲಿ ಧಾಮ ಘೋಷಣೆಯಾದದ್ದು ಕರಡಿಗಳ ನೆಲೆ ಉಳಿಸಲು. ಹಾಗಾದರೆ ಹಣ, ದುಡಿಮೆ ಎರಡೂ ಕವಳಿ, ಬಾರೆ, ಕಾರೆಯ ಪೊದೆಗಳಿಗೆ, ಬೇಸಿಗೆಯ ನೀರಿನ ಗುಂಡಿಗಳಿಗೆ, ಗೆದ್ದಲು ಹತ್ತಲು ಬಿಟ್ಟ ಒಣಮರಗಳಿಗೆ ಹೋಗಲಿ. ಬೆಳೆನಷ್ಟದ ಪರಿಹಾರ ತಡವಿಲ್ಲದೆ ರೈತನ ಕೈಸೇರಲಿ. ಪ್ರವಾಸಿಗೆ ಒಂದು ಸಂಜೆ ಕರಡಿ ಕಾಣದಿದ್ದರೂ ಚಿಂತೆಯಿಲ್ಲ.