‘ಧೈರ್ಯ ಇದ್ರೆ ಸಾಕು’ ಅನ್ನೋದನ್ನ ನಿಲ್ಲಿಸಿ

1/5
ಆಡಿಷನ್‌ಗೆ ಹೊರಟವರಿಗೆ ನಾವೆಲ್ಲ ಹೇಳೋದು ಒಂದೇ: “ಟೆನ್ಷನ್ ಮಾಡ್ಕೋಬೇಡ, ಧೈರ್ಯವಾಗಿ ಹಾಡು.” ಸೆಲೆಕ್ಟ್ ಆಗದೆ ವಾಪಸ್ ಬಂದ್ರೆ ಅದೇ ಬಾಯಲ್ಲಿ, “ಪಾಪ, ಟ್ಯಾಲೆಂಟ್ ಇತ್ತು, ಧೈರ್ಯ ಸಾಲ್ಲಿಲ್ಲ.” ದಯವಿಟ್ಟು ಎರಡೂ ನಿಲ್ಲಿಸಿ. ಮೊದಲನೇದು ಯಾವ ಉಪಯೋಗಕ್ಕೂ ಬರಲ್ಲ. ಎರಡನೇದನ್ನ ಕೇಳಿ ಎಷ್ಟೋ ಜನ ಹಾಡೋದನ್ನೇ ಬಿಟ್ಟುಬಿಡ್ತಾರೆ. ಐದು ನಿಮಿಷದ ಆಡಿಷನ್, ಹತ್ತು ವರ್ಷದ ಕಲಿಕೆ ಅಟ್ಟ ಸೇರುತ್ತೆ.

2/5
ಹೆದರಿದಾಗ ಎದೆ ಹೊಡ್ಕೊಳ್ಳುತ್ತೆ, ಬಾಯಿ ಒಣಗುತ್ತೆ, ಉಸಿರು ಗಿಡ್ಡ ಆಗುತ್ತೆ. ಹಾಡೋರಿಗೆ ಉಸಿರೇ ಬಂಡವಾಳ. ಅದು ಕಮ್ಮಿ ಆದ್ರೆ ತಾರಷಡ್ಜ ನಡುಗುತ್ತೆ, ಕಾಲಪ್ರಮಾಣ ಓಡುತ್ತೆ. ವೀಣೆಯವರಿಗೆ ಬೆರಳು ತಣ್ಣಗಾಗುತ್ತೆ. ಇದು ಅಡ್ರಿನಲಿನ್ ಮಾಡೋ ಕೆಲಸ, ನಿಮ್ಮ ಗುಣದ ದೋಷ ಅಲ್ಲ. “ಸುಮ್ನಿರು” ಅಂದ್ರೆ ಅದು ಕೇಳಲ್ಲ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗದಲ್ಲಿ, ಕರೋಕೆ ಹಾಡೋಕೆ ಮುಂಚೆ “ನಾನು ಉತ್ಸಾಹದಲ್ಲಿದ್ದೀನಿ” ಅಂತ ಹೇಳ್ಕೊಂಡವರು “ನನಗೆ ಆತಂಕ” ಅಂದವರಿಗಿಂತ ಚೆನ್ನಾಗಿ ಹಾಡಿದ್ರು. ಎದೆಬಡಿತವನ್ನ ನಿಲ್ಲಿಸೋಕೆ ಹೋಗ್ಬೇಡಿ, ಅದರ ಹೆಸರು ಬದಲಾಯಿಸಿ.

3/5
ಆದ್ರೆ ಹೆಸರು ಬದಲಾಯಿಸಿದ ಮಾತ್ರಕ್ಕೆ ಚರಣ ಬಾಯಿಗೆ ಬರಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1965ರಲ್ಲೇ ಹೇಳಿದ್ದು ಇದು: ಎದುರಿಗೆ ಜನ ಇದ್ದಾಗ ಚೆನ್ನಾಗಿ ರೂಢಿಯಾಗಿರೋದು ಇನ್ನೂ ಚೆನ್ನಾಗಿ ಬರುತ್ತೆ, ಅರೆಬರೆ ಕಲಿತಿದ್ದು ಇನ್ನೂ ಕೆಡುತ್ತೆ. ನಮ್ಮ ಮನೆ ಅಭ್ಯಾಸ ನೋಡಿ. ತಪ್ಪಿದ್ರೆ “ಇನ್ನೊಂದ್ಸಲ”. ಯಾವಾಗ್ಲೂ ಪಲ್ಲವಿಯಿಂದ. ಆಡಿಷನ್‌ನಲ್ಲಿ ಇನ್ನೊಂದ್ಸಲ ಅನ್ನೋದೇ ಇಲ್ಲ. “ಅನುಪಲ್ಲವಿ ಸಾಕು, ಸ್ವರ ಹಾಕಿ” ಅಂದ್ರೆ ಹಾಕಬೇಕು. ಆಕಾಶವಾಣಿಯ ಬಿ, ಬಿ ಹೈ, ಎ, ಎ ಟಾಪ್ ಗ್ರೇಡುಗಳ ಕನಸು ಎಲ್ಲರಿಗೂ ಇದೆ. ಮೈಕಿನ ಮುಂದೆ, ತಲೆದೂಗೋ ಒಂದು ಮುಖವೂ ಇಲ್ಲದೆ ಹಾಡೋ ಅಭ್ಯಾಸ ಎಷ್ಟು ಜನಕ್ಕಿದೆ?

4/5
“ನಿಜವಾದ ಕಲಾವಿದರು ಎಲ್ಲಿ ಕೂರಿಸಿದ್ರೂ ಹಾಡ್ತಾರೆ” ಅಂತೀರ. ಹೌದು, ಹಾಡ್ತಾರೆ. ಯಾಕಂದ್ರೆ ನೂರಾರು ಕಡೆ ಕೂತು ಹಾಡಿರ್ತಾರೆ! ಸಂಗೀತದ ಮನೆಯ ಮಗು ಹತ್ತು ವರ್ಷ ತುಂಬೋದ್ರೊಳಗೆ ಗಣೇಶನ ಪೆಂಡಾಲು, ರಾಮನವಮಿ ಚಪ್ಪರ ಎಲ್ಲ ಕಂಡಿರುತ್ತೆ. ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಪಾಠಕ್ಕೆ ಬರೋ ಹುಡುಗಿ ಮೈಕ್ ಮುಟ್ಟೋದೇ ಆಡಿಷನ್ ದಿನ. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ “ಇವನಿಗೆ ಧೈರ್ಯ ಇದೆ, ಇವಳಿಗಿಲ್ಲ” ಅಂದ್ರೆ ಅದು ತೀರ್ಪಲ್ಲ. ಅವಕಾಶಕ್ಕೆ ಧೈರ್ಯ ಅಂತ ಹೆಸರಿಟ್ಟು ಅಂಕ ಕೊಟ್ಟ ಹಾಗೆ.

5/5
ಹಾಗಾದ್ರೆ ಏನ್ ಮಾಡೋಣ? ಆಡಿಷನ್‌ಗೆ ಮೂರು ವಾರ ಇದೆ ಅಂದ್ಕೊಳ್ಳಿ.
• ದಿನಕ್ಕೊಂದು ಸಲ, ಒಂದೇ ಸಲ, ಫೋನಲ್ಲಿ ರೆಕಾರ್ಡ್. ತಪ್ಪಿದ್ರೂ ನಿಲ್ಲಿಸಬೇಡಿ.
• ಎರಡು ಸಲ ಮೆಟ್ಟಿಲು ಹತ್ತಿಳಿದು, ಏದುಸಿರಲ್ಲೇ ಶ್ರುತಿ ಹಿಡೀರಿ.
• ರಾಗದ ಹೆಸರು ಚೀಟಿಲಿ ಬರೆದು ಗೆಳೆಯರಿಂದ ಎತ್ತಿಸಿ.
• ಪರಿಚಯ ಇಲ್ಲದ ನಾಲ್ಕು ಜನರ ಎದುರು ಹಾಡಿ. ಅಮ್ಮ ಲೆಕ್ಕಕ್ಕಿಲ್ಲ.

ಇಷ್ಟು ಮಾಡಿದ್ರೂ ಸೀಟು ಒಂದೇ ಇದ್ರೆ ಒಬ್ಬರಿಗೇ ಸಿಗೋದು. ಅದು ನಿಮ್ಮ ಕಂಠದ ಮೇಲಿನ ಕೊನೇ ಮಾತಲ್ಲ.

ಸೆಲೆಕ್ಷನ್ ಮಾಡೋ ಮೇಷ್ಟ್ರುಗಳೇ, ಯುವಜನೋತ್ಸವಕ್ಕೆ ಟೀಮ್ ಆರಿಸೋ ಮುಂಚೆ ಒಂದು ಸಂಜೆ ಆ ರೂಮು, ಆ ಮೈಕು ಎಲ್ಲರಿಗೂ ಬಿಟ್ಟುಕೊಡಿ. ಬೇಡ ಅಂದವರಿಗೆ ಯಾಕೆ ಬೇಡ ಅಂದಿರಿ ಅಂತ ಎರಡು ಸಾಲು ಬರೆದು ಕೊಡಿ.

ಅಲ್ಲೀವರೆಗೂ ನಾವೇ ಶುರು ಮಾಡೋಣ. ಶನಿವಾರ ಕ್ಲಾಸ್ ಮುಗಿದ ಮೇಲೆ ಚೀಟಿ ಎತ್ತೋಕೆ ಯಾರು ಬರ್ತೀರ? ಕಾಮೆಂಟಲ್ಲಿ ಕೈ ಎತ್ತಿ. 🙋🏽‍♀️

#ಆಡಿಷನ್ #ಸಂಗೀತ #ಒಂದೇಸಲ