ಮನೆ ಬಿಡುವ ಮಾತನ್ನು ಮುಂಗಾರಿಗೆ ಮೊದಲೇ ಆಡಿ ಮುಗಿಸಿ

ಪ್ರವಾಹ, ಗುಡ್ಡ ಕುಸಿತ ಎಂದೊಡನೆ ನಮ್ಮ ಮಾತು ನೇರವಾಗಿ ಪರಿಹಾರಕ್ಕೆ ಹೋಗುತ್ತದೆ. ಎಷ್ಟು ಕೋಟಿ ಬಿಡುಗಡೆಯಾಯಿತು, ಉಸ್ತುವಾರಿ ಸಚಿವರು ಯಾವಾಗ ಬಂದರು, ಕಾಳಜಿ ಕೇಂದ್ರದ ಅನ್ನ ಬೆಂದಿತ್ತೋ ಇಲ್ಲವೋ. ಕೇಳಲೇಬೇಕಾದ ಪ್ರಶ್ನೆಗಳು, ಕೇಳುವುದನ್ನು ಬಿಡಬಾರದು. ಆದರೆ ಇವೆಲ್ಲ ನೀರು ಬಂದು ಹೋದ ಮೇಲಿನ ಪ್ರಶ್ನೆಗಳು. ನೀರು ಬರುವುದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಪ್ರತಿ ಮನೆಯೊಳಗೂ ಇನ್ನೊಂದು ವಾಗ್ವಾದ ನಡೆಯುತ್ತದೆ: ಹೊರಡೋಣವೇ, ಇನ್ನೊಂದಿಷ್ಟು ನೋಡೋಣವೇ? ಅಜ್ಜಿ ಒಲ್ಲೆ ಎನ್ನುತ್ತಾಳೆ, ಪೇಟೆಗೆ ಹೋದ ಮಗ ಫೋನಿಗೆ ಸಿಗುತ್ತಿಲ್ಲ, ಎಮ್ಮೆ ಈಯುವ ದಿನ ಹತ್ತಿರವಿದೆ, ಕರೆಂಟು ಹೋಗಿದೆ. ಆ ಮಾತು ಎಷ್ಟು ಹೊತ್ತು ಎಳೆಯಿತು ಎಂಬುದರ ಮೇಲೆ ಎಷ್ಟೋ ಸಲ ಜೀವ ನಿಂತಿರುತ್ತದೆ. ಅದನ್ನು ಕತ್ತಲಲ್ಲಿ, ಗಾಬರಿಯಲ್ಲಿ ಆಡುವ ಬದಲು ಬಿಸಿಲಿರುವಾಗಲೇ ಮನೆಮಂದಿಯೆಲ್ಲ ಕೂತು ಮುಗಿಸಿಡಿ ಎಂಬುದೇ ಈ ಮನವಿ. ಟಾರ್ಚು, ಔಷಧ, ಕಾಗದಪತ್ರದ ಗಂಟು ಎಲ್ಲವೂ ಬೇಕು. ಆದರೆ ಹೊರಡುವುದು ಯಾವಾಗ ಎಂದು ಗೊತ್ತಿಲ್ಲದ ಮನೆಯಲ್ಲಿ ಗಂಟು ಕಟ್ಟಿಟ್ಟೂ ಉಪಯೋಗವಿಲ್ಲ.

ನಮ್ಮ ಉತ್ತರದ ನದಿಗಳನ್ನೇ ನೋಡಿ. ಕೃಷ್ಣೆ ಸಾಮಾನ್ಯವಾಗಿ ಹೇಳದೆ ಬರುವ ಹೊಳೆಯಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು, ಕೊಯ್ನಾ ಜಲಾಶಯದ ಗೇಟು ತೆರೆದು, ರಾಜಾಪುರ ಬ್ಯಾರೇಜು ದಾಟಿ ಚಿಕ್ಕೋಡಿ ಸೀಮೆಗೆ ನೀರು ಮುಟ್ಟುವಷ್ಟರಲ್ಲಿ ಸುದ್ದಿ ಬಂದು ಬಹಳ ಹೊತ್ತಾಗಿರುತ್ತದೆ. ಕಲ್ಲೋಳ–ಯಡೂರ ಸೇತುವೆ ಮುಳುಗಿತು ಎಂಬುದು ಹೆಚ್ಚುಕಡಿಮೆ ಪ್ರತಿ ಮಳೆಗಾಲವೂ ಪತ್ರಿಕೆಯಲ್ಲಿ ಬರುವ ಸಾಲು. ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಕೆಳಗೆ ಆಲಮಟ್ಟಿ, ನಾರಾಯಣಪುರ. ಎಲ್ಲಿಂದ ನೀರು ಬಿಟ್ಟರೂ ಪ್ರಕಟಣೆ ಹೊರಡುತ್ತದೆ, ಊರಲ್ಲಿ ಡಂಗುರ ಸಾರುತ್ತಾರೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದದ್ದು ಯಾರಿಗೂ ಗುಟ್ಟಾಗಿರಲಿಲ್ಲ. ಆದರೂ ಆ ದಿನಗಳಲ್ಲಿ ಮಾಳಿಗೆ ಏರಿ ಕೂತವರನ್ನು ಬೋಟು, ಹೆಲಿಕಾಪ್ಟರುಗಳಲ್ಲಿ ಕರೆತರಬೇಕಾಯಿತು. ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರೇ ನೂರಾರು ಮಂದಿ ಸಿಕ್ಕಿಕೊಂಡಿದ್ದರು. ಸುದ್ದಿ ಮುಟ್ಟದೆ ಹೀಗಾಯಿತು ಎನ್ನಲು ಬರುವುದಿಲ್ಲ. ಮುಟ್ಟಿದ ಸುದ್ದಿಯನ್ನು ಏನು ಮಾಡಬೇಕೆಂದು ಮನೆಗಳಲ್ಲಿ ತೀರ್ಮಾನವಾಗಿರಲಿಲ್ಲ.

ಇದರಲ್ಲಿ ಜನರ ತಪ್ಪಿಗಿಂತ ಸುದ್ದಿಯ ಭಾಷೆಯ ತಪ್ಪು ದೊಡ್ಡದು. ಇಷ್ಟು ಲಕ್ಷ ಕ್ಯೂಸೆಕ್ ಎಂದರೆ ನನ್ನ ಮನೆಯ ಯಾವ ಮೆಟ್ಟಿಲು? ಅದನ್ನು ಯಾವ ಪ್ರಕಟಣೆಯೂ ಹೇಳುವುದಿಲ್ಲ, ಹೇಳಲಾರದು. ಆ ಲೆಕ್ಕ ಊರಿನಲ್ಲೇ ಇರುತ್ತದೆ. 2009ರ ನೀರು, 2019ರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರು ಕೈ ತೋರಿಸುತ್ತಾರೆ. ಆ ಗುರುತನ್ನು ಗೋಡೆಯ ಮೇಲೆ ಬಣ್ಣದಲ್ಲಿ ಎಳೆಯಿರಿ. ಪಕ್ಕದಲ್ಲಿ ಇಸವಿ, ಆಗ ಮೇಲಿನ ಜಲಾಶಯದಿಂದ ಬಿಟ್ಟ ನೀರಿನ ಪ್ರಮಾಣ, ಯಾವ ಸೇತುವೆ ಮುಳುಗಿದ ಎಷ್ಟು ಹೊತ್ತಿಗೆ ಓಣಿಗೆ ನೀರು ಬಂತು ಎಂದು ಬರೆದಿಡಿ. ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೂ ಇದೇ ಗುರುತು ಬರಲಿ. ಒಂದು ಎಚ್ಚರ ಮಾತ್ರ ಇರಬೇಕು: ಹಿಂದಿನ ಗುರುತು ಹೊಳೆ ಹಾಕಿಕೊಟ್ಟ ಗಡಿಯಲ್ಲ. ‘ಒಂಬತ್ತರಲ್ಲೇ ಕಟ್ಟೆ ದಾಟಿರಲಿಲ್ಲ’ ಎಂಬ ಧೈರ್ಯ ಕೆಟ್ಟ ಧೈರ್ಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಅನಾಹುತಕ್ಕೆ ಒಳನಾಡಿನಲ್ಲೇ ಬಿಡದೆ ಸುರಿದ ಮಳೆ ಮುಖ್ಯ ಕಾರಣ. ಹೊಳೆಯಿಂದ ದೂರವಿದ್ದ ಮಣ್ಣಿನ ಮನೆಗಳೂ ನೆನೆದು ಕುಸಿದವು. ಆ ವರ್ಷ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆಯವರು ಸೇತುವೆಯನ್ನಷ್ಟೇ ನೋಡುತ್ತ ಕೂರುವಂತಿಲ್ಲ. ಮಳೆ ಬಿಡದೆ ಹಿಡಿದು ಗೋಡೆ ಬುಡದಲ್ಲಿ ಬಿರುಕು, ಉಬ್ಬು ಕಂಡರೆ ಆ ರಾತ್ರಿ ಅಲ್ಲಿ ಮಲಗಬಾರದು.

ಮಲೆನಾಡು, ಕೊಡಗು, ಕರಾವಳಿಯ ಲೆಕ್ಕ ಬೇರೆ. ಗುಡ್ಡಕ್ಕೆ ಗೇಟಿಲ್ಲ, ಕ್ಯೂಸೆಕ್ಕೂ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿಗಳಲ್ಲಿ, 2019ರಲ್ಲಿ ತೋರದಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಮಣ್ಣು ಇಳಿದದ್ದು ಕ್ಷಣಗಳಲ್ಲಿ. ಶಿರೂರಾದ ಎರಡೇ ವಾರಕ್ಕೆ, ಜುಲೈ 30ರಂದು, ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಬಿದ್ದಾಗ ನಡುರಾತ್ರಿ ದಾಟಿತ್ತು, ಊರು ನಿದ್ದೆಯಲ್ಲಿತ್ತು. ಇಂಥ ಕಡೆ ಹೊರಡುವ ತೀರ್ಮಾನ ಹಗಲಿನಲ್ಲೇ ಆಗಬೇಕು. ಹವಾಮಾನ ಇಲಾಖೆ ಒಂದು ದಿನಕ್ಕೆ 204.4 ಮಿಲಿಮೀಟರಿಗಿಂತ ಹೆಚ್ಚು ಬೀಳುವುದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅಂಥ ಮಳೆಯ ನಿರೀಕ್ಷೆ ಇದ್ದಾಗ ರೆಡ್ ಅಲರ್ಟ್ ಬರುತ್ತದೆ. ಮನೆಯ ಹಿಂದೆ ದರೆ ಕಡಿದಿದ್ದರೆ ಅಥವಾ ಮೇಲೆ ಕಡಿದಾದ ಇಳಿಜಾರಿದ್ದರೆ, ರೆಡ್ ಅಲರ್ಟಿನ ರಾತ್ರಿ ಬೇರೆ ಕಡೆ ಮಲಗುವುದು ಎಂಬ ಒಂದೇ ನಿಯಮ ಸಾಕು. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮನೆ, ರಸ್ತೆ, ತೋಟಗಳಿಗಾಗಿ ಇಳಿಜಾರನ್ನು ಕಡಿದದ್ದರತ್ತ ಬೆರಳು ತೋರಿಸಿತ್ತು ಎಂಬುದನ್ನು ನೆನಪಿಡಿ. ಇನ್ನು ಕಣ್ಣಿಗೆ ಕಾಣುವ ಸೂಚನೆಗಳಿವೆ: ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕಂಬ ಅಥವಾ ಅಡಿಕೆ ಮರ, ನೆನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯುವುದು, ಒರತೆಯ ನೀರು ಕೆಂಪಾಗುವುದು. ಸುರಿಯುವ ಮಳೆಯಲ್ಲೂ ತೋಡಿನ ನೀರು ಹಠಾತ್ತನೆ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡಗಟ್ಟಿದೆ ಎಂದು ತಿಳಿಯಬೇಕು. ಆಗ ಚರ್ಚೆಗೆ ಹೊತ್ತಿಲ್ಲ.

ಪೇಟೆಯವರು ಇದೆಲ್ಲ ಹಳ್ಳಿಯ ಪಾಡು ಎಂದುಕೊಳ್ಳುವುದು ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ರಾಜಧಾನಿಯ ಅನೇಕ ಬಡಾವಣೆಗಳಿಗೆ ಕಾವೇರಿ ನೀರು ನಿಂತಿತು; ರಸ್ತೆಯಲ್ಲಿ ಸೊಂಟದುದ್ದ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಸತ್ತಳು. ನಗರದ ಮನೆಗೆ ಬೇಕಾದ ತೀರ್ಮಾನಗಳು ಸಣ್ಣವು, ಆದರೆ ಬೇಕು. ನೆಲಮಹಡಿಗೆ ನೀರು ಬರುವ ಲಕ್ಷಣ ಕಂಡರೆ ಮೇನ್ ಸ್ವಿಚ್ ಆರಿಸುವವರು ಯಾರು, ಮೇಲಿನ ಮಹಡಿಯ ಯಾರ ಮನೆಗೆ ಹೋಗುವುದು, ಮಳೆಯ ಸಂಜೆ ಯಾವ ಅಂಡರ್‌ಪಾಸಿಗೆ ಗಾಡಿ ಇಳಿಸಬಾರದು. ಎರಡು ದಿನಕ್ಕಾಗುವಷ್ಟು ಕುಡಿಯುವ ನೀರು ಮನೆಯಲ್ಲಿರಲಿ.

ಈಗ ಮನೆಯ ಮಾತಿಗೆ ಬರೋಣ. ಇತ್ಯರ್ಥವಾಗಬೇಕಾದವುಗಳಲ್ಲಿ ಮೊದಲನೆಯದು ಗುರುತು: ಯಾವುದು ಕಂಡರೆ ಹೊರಡುತ್ತೇವೆ. ಎರಡನೆಯದು ಜಾಗ: ಶಾಲೆಯೋ, ದಿಬ್ಬದ ಮೇಲಿನ ಗುಡಿಯೋ, ಬೀಗರ ಊರೋ; ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲೇ ಮುಳುಗುವ ಹಳ್ಳ ಇರಬಾರದು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದರೆ ನಡುಗಡ್ಡೆಯ ಊರುಗಳ ದಾರಿಯೇ ಕಡಿದುಹೋಗುತ್ತದೆ. ಅಂಥ ಕಡೆ ಬಸುರಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಸೇತುವೆ ಮುಳುಗುವುದನ್ನು ಕಾಯದೆ ಮುಂಚೆಯೇ ಆಚೆ ದಡದ ನೆಂಟರ ಮನೆ ಸೇರುವುದೇ ಸರಿ. ಮೂರನೆಯದನ್ನು ನಮ್ಮ ಮನೆಗಳು ಬಾಯಿಬಿಟ್ಟು ಆಡುವುದೇ ಇಲ್ಲ: ಹೊರಡೋಣ ಎಂದು ಹೇಳುವ ಅಧಿಕಾರ ಯಾರದು? ಯಜಮಾನ ಊರಲ್ಲಿಲ್ಲ, ಅವನು ಬರಲಿ ಎಂದು ಕಾಯುವ ಸೊಸೆ, ಕಾಯಿಸುವ ಅತ್ತೆ, ನಡುವೆ ಮಕ್ಕಳು. ಗುರುತು ಕಂಡಾಗ ಮನೆಯಲ್ಲಿರುವ ದೊಡ್ಡವರು, ಅವರು ಹೆಂಗಸಾಗಲಿ ಗಂಡಸಾಗಲಿ, ಯಾರನ್ನೂ ಕೇಳದೆ ಹೊರಡಬಹುದು. ಆಮೇಲೆ ನೀರು ಬಾರದೆ ಹೋದರೂ ಯಾರೂ ಹಂಗಿಸುವಂತಿಲ್ಲ. ಇದನ್ನು ಯಜಮಾನನೇ ಎಲ್ಲರೆದುರು ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ದನಕರುಗಳ ವಿಚಾರ ಬಿಟ್ಟು ಈ ಮಾತು ಆಡುವುದು ಮೋಸವಾದೀತು. ಎಷ್ಟೋ ಮಂದಿ ಮನೆ ಬಿಡದಿರುವುದು ಮನೆಗಾಗಿ ಅಲ್ಲ, ಕೊಟ್ಟಿಗೆಗಾಗಿ. ಹಾಲು ಕೊಡುವ ಹಸು, ಎಮ್ಮೆ ಸತ್ತರೆ ಕೇಂದ್ರ 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಯಮದ ಪ್ರಕಾರ ಸಿಗುವುದು 37,500 ರೂಪಾಯಿ. ಒಳ್ಳೆಯ ಎಮ್ಮೆಯ ಸಂತೆ ಬೆಲೆಗೆ ಅದು ಅರ್ಧವೂ ಆಗದು. ಹೀಗಿರುವಾಗ ಬಿಟ್ಟು ಬನ್ನಿ ಎನ್ನುವ ಅಧಿಕಾರಿಯ ಮಾತು ರೈತನ ಕಿವಿಗೆ ಹೋಗದಿದ್ದರೆ ಆಶ್ಚರ್ಯವೇನು? ಆದ್ದರಿಂದ ದನಗಳನ್ನು ಜನರಿಗಿಂತ ಮೊದಲು, ಇನ್ನೂ ರಸ್ತೆ ಇರುವಾಗ, ಎತ್ತರದ ಹೊಲಕ್ಕೋ ಗುರುತಿನವರ ಕೊಟ್ಟಿಗೆಗೋ ಸಾಗಿಸಬೇಕು. ಎರಡು ದಿನದ ಮೇವು ಅಲ್ಲಿ ಮೊದಲೇ ಇರಬೇಕು. ಪಂಚಾಯಿತಿಗಳು ಜನರಿಗೆ ಕಾಳಜಿ ಕೇಂದ್ರ ಗುರುತಿಸುವಾಗಲೇ ದನಗಳ ಜಾಗವನ್ನೂ ಗುರುತಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ಯಾವುದೂ ಆಗದೆ ನೀರು ಬಂದೇಬಿಟ್ಟರೆ ಕಣ್ಣಿ ಬಿಚ್ಚಿಬಿಡಿ. ಬಿಚ್ಚಿದ ದನ ಈಜಿ ದಿಬ್ಬ ಹಿಡಿಯಬಹುದು. ಗೂಟಕ್ಕೆ ಕಟ್ಟಿದ ದನಕ್ಕೆ ಆ ಅವಕಾಶವಿಲ್ಲ.

ಗಂಟಿನ ವಿಷಯ ಹೆಚ್ಚು ಹೇಳಬೇಕಿಲ್ಲ. ಆಧಾರ್, ಪಡಿತರ ಚೀಟಿ, ಪಹಣಿ, ಮನೆಯ ಹಕ್ಕುಪತ್ರ, ಬ್ಯಾಂಕ್ ಪಾಸ್‌ಬುಕ್ ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿರಲಿ, ಒಂದೊಂದರ ಫೋಟೊ ದೂರದೂರಿನ ನೆಂಟರ ಫೋನಿನಲ್ಲಿರಲಿ. ಮನೆಯ ಒಳಗೂ ಹೊರಗೂ ನಾಲ್ಕು ಫೋಟೊ ಈಗಲೇ ತೆಗೆದಿಡಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ, ಮನೆ ಪೂರ್ತಿ ಬಿತ್ತೋ ಭಾಗಶಃ ಬಿತ್ತೋ ಎಂಬ ವರ್ಗೀಕರಣದ ಮೇಲೆಯೇ ಕುಟುಂಬಗಳ ಪಾಲು ನಿಂತಿತ್ತು. ಮೊದಲು ಹೇಗಿತ್ತೆಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ವಾರದ್ದು, ಡಾಕ್ಟರ ಚೀಟಿಯ ಜೊತೆ. ಟವರ್ ಬಿದ್ದರೆ ಫೋನ್‌ಪೇ ನಡೆಯದು, ಹತ್ತು, ಐವತ್ತು, ನೂರರ ನೋಟುಗಳು ಒಂದಿಷ್ಟಿರಲಿ. ಊಟಕ್ಕೆ ಪ್ಯಾಕೆಟ್ ತಿಂಡಿ ಹುಡುಕಬೇಕಿಲ್ಲ: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ, ಹುರಿಗಡಲೆ ನಮ್ಮ ಅಡುಗೆಮನೆಯಲ್ಲೇ ಇವೆ. ಹೊರಡುವಾಗ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ. ನೀರಿಳಿದ ಮೇಲೆ ಮನೆಗೆ ಬರುವಾಗ ಹಾವಿನ ಬಗ್ಗೆ ಎಚ್ಚರವಿರಲಿ. ಕಚ್ಚಿದರೆ ದಾರ ಬಿಗಿಯುವುದು, ಕೊಯ್ಯುವುದು ಬೇಡ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಸರ್ಕಾರ ಮಾಡಬೇಕಾದ್ದನ್ನು ಜನರ ತಲೆಗೆ ಕಟ್ಟುತ್ತಿದ್ದೀರಿ ಎನ್ನಬಹುದು. ರಾಜಕಾಲುವೆ ಒತ್ತುವರಿ, ಗುಡ್ಡ ಕಡಿದ ಹೆದ್ದಾರಿ, ವರ್ಷಗಟ್ಟಲೆ ಎಳೆದ ಪುನರ್ವಸತಿ, ಇವುಗಳ ಹೊಣೆ ಸರ್ಕಾರದ್ದೇ, ಅದರಲ್ಲಿ ರಿಯಾಯಿತಿ ಬೇಡ. ಆದರೆ ಒಡಿಶಾದ ಉದಾಹರಣೆ ಎರಡೂ ಕೈ ಸೇರಬೇಕೆಂದು ತೋರಿಸುತ್ತದೆ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಬಲಿಯಾದರು. 2019ರಲ್ಲಿ ಫೋನಿ ಚಂಡಮಾರುತ ಬರುವ ಮುನ್ನ ಸುಮಾರು 12 ಲಕ್ಷ ಜನ ಮನೆ ಬಿಟ್ಟರು, ಸತ್ತವರು 64. ಆಶ್ರಯ ಕಟ್ಟಡ ಕಟ್ಟಿದ್ದು ಸರ್ಕಾರ, ಅದರೊಳಗೆ ನಡೆದು ಹೋದವರು ಜನ. ಕಟ್ಟಡವಿದ್ದೂ ಜನ ಹೊರಡದಿದ್ದರೆ ಆ ಲೆಕ್ಕ ಬೇರೆಯಾಗುತ್ತಿತ್ತು.

ಹೊರಟು ಹೋದ ಮನೆಗೆ ಕಳ್ಳರು ನುಗ್ಗುತ್ತಾರೆಂಬ ಭಯ ಸುಳ್ಳಲ್ಲ. ಇಡೀ ಓಣಿ ಒಟ್ಟಿಗೆ ಮಾತಾಡಿ, ಒಡವೆ ಕಾಗದ ಮೊದಲೇ ಸಾಗಿಸಿ, ಪೊಲೀಸ್ ಗಸ್ತು ಕೇಳುವುದು ಅದಕ್ಕೆ ದಾರಿ. ಮನೆಗೊಬ್ಬರನ್ನು ಕಾವಲಿಗೆ ಬಿಟ್ಟುಬರುವುದಂತೂ ಅಲ್ಲ. ಮೂರು ಸಲ ಹೊರಟು ಮೂರು ಸಲವೂ ನೀರು ಬಾರದಿದ್ದರೆ ನಾಲ್ಕನೇ ಸಲ ಯಾರು ಹೊರಡುತ್ತಾರೆ ಎಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಿಜ, ವ್ಯರ್ಥವಾಗಿ ಹೊರಟ ದಿನದ ಕೂಲಿ ಹೋಗುತ್ತದೆ. ಅದಕ್ಕೇ ಗುರುತನ್ನು ನೀವೇ, ನಿಮ್ಮ ಊರಿನ ಲೆಕ್ಕದಲ್ಲಿ ಇಟ್ಟುಕೊಳ್ಳಿ ಎನ್ನುವುದು. ಟಿವಿಯವರ ಕೂಗಿಗೆಲ್ಲ ಹೊರಡಬೇಕಿಲ್ಲ. ಇನ್ನು, ಇಂಥ ಅಪಶಕುನದ ಮಾತು ಮನೆಯಲ್ಲಿ ಆಡಬೇಡಿ ಎನ್ನುವ ಹಿರಿಯರಿಗೆ ಗೌರವದಿಂದಲೇ ಕೇಳಬಹುದು: ಬೆಳೆಗೆ ವಿಮೆ ಮಾಡಿಸಿದಾಗ ಬೆಳೆ ಹಾಳಾಗಲಿ ಎಂದು ಹರಸಿದಂತಾಯಿತೇ?

ರೋಹಿಣಿ ಮಳೆಗೆ ಮೊದಲು ಬೀಜ, ಗೊಬ್ಬರದ ಮಾತು ಪ್ರತಿ ರೈತರ ಮನೆಯಲ್ಲಿ ಆಗುತ್ತದೆ. 2019ರ ಪ್ರವಾಹ ಬಂದದ್ದು ಆಶ್ಲೇಷ ಮಳೆಯ ದಿನಗಳಲ್ಲಿ. ನಡುವೆ ಎರಡು ತಿಂಗಳಿರುತ್ತದೆ. ಬರುವ ಭಾನುವಾರ ಊಟವಾದ ಮೇಲೆ ಅರ್ಧ ಗಂಟೆ ಟಿವಿ ಆರಿಸಿ ಕೂತುಕೊಳ್ಳಿ. ಯಾವ ಗುರುತಿಗೆ ಹೊರಡುವುದು, ಎಲ್ಲಿಗೆ, ಯಾರ ಮಾತಿಗೆ, ಅಜ್ಜಿಯನ್ನು ಕರೆದೊಯ್ಯುವವರು ಯಾರು, ದನ ಬಿಚ್ಚುವವರು ಯಾರು ಎಂದು ಗಟ್ಟಿಮಾಡಿ, ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077 ಎಂದು ಅದರ ಕೆಳಗೆ ದೊಡ್ಡ ಅಕ್ಷರದಲ್ಲಿರಲಿ, ಓದು ಬಾರದವರಿಗೆ ಮಕ್ಕಳು ಹೇಳಿಕೊಡಲಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರಿದ್ದರೆ ಅವರ ಹೆಸರನ್ನೂ ಆ ಹಾಳೆಗೆ ಸೇರಿಸಿಕೊಳ್ಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.